ಎರಡು ಮಿಲಿಮೀಟರು

ಸರಕಾರಿ ಗುಮಾಸ್ತನಿಗೂ ವೇಗಕ್ಕೂ ಎಣ್ಣೆ-ಸೀಗೇಕಾಯಿ ಸಂಬಂಧವೆಂದು ಲೋಕ ನಂಬಿದೆ. ನನ್ನ ಮೇಜಿನಿಂದ ಪಕ್ಕದ ಮೇಜಿಗೆ ಒಂದು ಫೈಲು ಹೋಗಬೇಕಾದರೆ ಎಷ್ಟು ದಿನ ಹಿಡಿಯುತ್ತದೆಂಬುದನ್ನು ಬಲ್ಲವರು ಈ ನಂಬಿಕೆಯನ್ನು ಸುಳ್ಳೆನ್ನಲಾರರು. ಅಂಥ ನಾನು 2023ರ ಮಳೆಗಾಲದ ಎಂಟು ರವಿವಾರಗಳನ್ನು ಒಂದು ವೇಗದ ಕಾರಿಗೆ ಹೊಂದುವ ಚಕ್ರಗಳನ್ನು ಹುಡುಕುತ್ತ ಮುಂಬಯಿಯ ಗಲ್ಲಿಗಳಲ್ಲಿ ಕಳೆದೆನೆಂದರೆ ಸಂಘದ ಬಾಂಧವರು ನಕ್ಕಾರು. ಆ ದಿನಗಳಲ್ಲಿ ನಾಟಕದ ತಾಲೀಮಿಗೆ ಮೇಲಿಂದ ಮೇಲೆ ತಪ್ಪಿಸಿಕೊಂಡದ್ದಕ್ಕೆ ಕಾರ್ಯದರ್ಶಿಗಳು ನನ್ನಿಂದ ಸಮಜಾಯಿಷಿ ಕೇಳಿದ್ದರು. ತಡವಾದರೂ ಅದನ್ನು ಇಲ್ಲಿ ಲಿಖಿತರೂಪದಲ್ಲಿ ಸಲ್ಲಿಸುತ್ತಿದ್ದೇನೆ.

ಕಾರು ನನ್ನದಲ್ಲ, ನನ್ನ ಅಣ್ಣನದು. ಅಣ್ಣ ಹುಬ್ಬಳ್ಳಿಯಲ್ಲಿ ಐ.ಟಿ.ಐ. ಮುಗಿಸಿ, ಇಪ್ಪತ್ತರ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಕುರ್ಲಾದ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು. ಕೊನೆಗೆ ಅಲ್ಲಿಯೇ ಫೋರ್‌ಮನ್ ಆದ. ಕುರ್ಲಾ ಎಂದರೆ ಆಗ ಫಿಯಾಟಿನ ಊರು. ನಮ್ಮ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಓಡಿದ ಪ್ರೀಮಿಯರ್ ಪದ್ಮಿನಿಗಳು ಅಲ್ಲಿಯ ಕಾರ್ಖಾನೆಯಲ್ಲೇ ಹುಟ್ಟಿದವು. 2001ರಲ್ಲಿ ಬಂದ ಫಿಯಾಟ್ ಪಾಲಿಯೋ ಕೂಡ ಮೊದಲು ಅಲ್ಲಿಂದಲೇ ಹೊರಬಿತ್ತು. ಸಾಧಾರಣ ಪಾಲಿಯೋಕ್ಕೆ 1.2 ಲೀಟರಿನ ಎಂಜಿನ್ ಇದ್ದರೆ, ಅದರ ದೊಡ್ಡಣ್ಣನಿಗೆ 1.6 ಲೀಟರಿನದು, ಸುಮಾರು ನೂರು ಅಶ್ವಶಕ್ತಿ. ಆ ಕಾಲಕ್ಕೆ ಅಷ್ಟು ಸಣ್ಣ ಗಾತ್ರದ ಕಾರಿನಲ್ಲಿ ಅಷ್ಟು ಬಲ ನಮ್ಮ ದೇಶದಲ್ಲಿ ಅಪರೂಪ. ಪೆಟ್ರೋಲು ಕುಡಿಯುವುದರಲ್ಲಿಯೂ ಅದು ಹಿಂದೆ ಬಿದ್ದಿರಲಿಲ್ಲ.

2003ರಲ್ಲಿ ನೋಂದಣಿಯಾದ ಅಂಥ ಒಂದು ಕಾರನ್ನು ಅಣ್ಣ 2009ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ. ಜನ ಮನೆ ಕಟ್ಟಿದಂತೆ ಅವನು ಅದನ್ನು ಕಟ್ಟಿದ. ಸ್ಪ್ರಿಂಗುಗಳನ್ನು ಗಿಡ್ಡ ಮಾಡಿಸಿದ, ಸೈಲೆನ್ಸರ್ ಬದಲಿಸಿದ, ಮುಂದಿನ ಬ್ರೇಕುಗಳನ್ನು ತೆಗೆದು ದೊಡ್ಡ ಡಿಸ್ಕ್ ಮತ್ತು ದೊಡ್ಡ ಕ್ಯಾಲಿಪರ್ ಕೂಡ್ರಿಸಿದ. ಅವುಗಳ ಮೇಲೆ 14 ಇಂಚಿನ ಮಿಶ್ರಲೋಹದ ಚಕ್ರಗಳನ್ನು ಹಾಕಿದ. ರವಿವಾರ ನಸುಕಿನಲ್ಲಿ ಎದ್ದು ಖಂಡಾಳಾ ಘಾಟಿನವರೆಗೆ ಹೋಗಿ, ಚಹಾ ಕುಡಿದು ಬರುತ್ತಿದ್ದ. ನಾನು ನಗುತ್ತಿದ್ದೆ. “ಒಂದು ಕಪ್ ಚಹಾಕ್ಕೆ ಎಂಟ್ನೂರು ರೂಪಾಯಿ ಪೆಟ್ರೋಲು” ಎಂದು ಲೆಕ್ಕ ಹಾಕಿ ತೋರಿಸುತ್ತಿದ್ದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನೂ ಓದಿ ಹೇಳುತ್ತಿದ್ದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಅದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಣ್ಣ ವಾದಿಸುತ್ತಿರಲಿಲ್ಲ. 2018ರಲ್ಲಿ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸಬೇಕಾದಾಗ ಸದ್ದಿನ ಸೈಲೆನ್ಸರ್ ಕಳಚಿಟ್ಟು ಮೂಲದ್ದನ್ನೇ ಹಾಕಿ, ಹಸಿರು ತೆರಿಗೆ ಕಟ್ಟಿ ಬಂದ. ಆಮೇಲೆ ಆ ಸದ್ದು ಮತ್ತೆ ಕೇಳಲಿಲ್ಲ. “ಸಪ್ಪಳ ಹೋದರ ಹೋಗಲಿ, ಬ್ರೇಕ್ ಮಾತ್ರ ತಗಿಯಂಗಿಲ್ಲ” ಎಂದಿದ್ದ.

2021ರ ಮೇ ತಿಂಗಳಲ್ಲಿ ಕೋವಿಡ್ ಅವನನ್ನು ಒಯ್ದಿತು. ಐವತ್ತೊಂದು ವರ್ಷ. ಆ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಮ್ಮ ಸಂಘದ ಎಷ್ಟೋ ಮನೆಗಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ವೈನಿ ಮತ್ತು ಅವರ ಮಗ ಉಳಿದರು. ಮನೆಯಲ್ಲಿ ನಾವು ಅವನನ್ನು ಪುಟ್ಟ ಎಂದೇ ಕರೆಯುವುದು. ಇಪ್ಪತ್ತೆರಡು ತುಂಬಿ ಆರಡಿ ಬೆಳೆದ ಪುಟ್ಟ. ಕಾರು ಮಾರಿಬಿಡಿರೆಂದು ನಾನು ಸಲಹೆ ಕೊಟ್ಟೆ. ವೈನಿ ಏನೂ ಅನ್ನಲಿಲ್ಲ. ಪುಟ್ಟ ಎದ್ದು ಹೊರಗೆ ಹೋದ. ಕಾರು ಉಳಿಯಿತು.

2023ರ ಜುಲೈಯಲ್ಲಿ ಒಂದು ಸಂಜೆ, ಜಡಿಮಳೆಯಲ್ಲಿ, ಸಾಯನ್-ಪನವೇಲ್ ಹೆದ್ದಾರಿಯ ಒಂದು ಗುಂಡಿಗೆ ಕಾರಿನ ಮುಂದಿನ ಎಡಚಕ್ರ ಬಿತ್ತು. ನಾನು ಪಕ್ಕದಲ್ಲಿ ಕೂತಿದ್ದೆ. ಬಿದ್ದ ಸಪ್ಪಳಕ್ಕೆ ಹಲ್ಲು ಕಟಕಟಿಸಿದವು. ಚಕ್ರದ ಅಂಚಿನಿಂದ ಒಂದು ಕಡ್ಡಿಯವರೆಗೆ ಸೀಳು ಬಿಟ್ಟಿತ್ತು. ಸ್ಟೆಪ್ನಿ ಇತ್ತು, ಆದರೆ ಅದು 13 ಇಂಚಿನ ಉಕ್ಕಿನ ಚಕ್ರ. ಅಣ್ಣ ಹಾಕಿದ ದೊಡ್ಡ ಕ್ಯಾಲಿಪರಿಗೆ ತಾಗಿ ಮುಂದೆ ಕೂಡುವುದೇ ಇಲ್ಲ. “ಈಗ ಏನ ಮಾಡೋದಪಾ?” ಎಂದೆ. ಪುಟ್ಟ ಮಾತಾಡದೆ ಜ್ಯಾಕ್ ಹಚ್ಚಿ, ಹಿಂದಿನ ಒಳ್ಳೆಯ ಚಕ್ರವನ್ನು ಬಿಚ್ಚಿ ಮುಂದೆ ಹಾಕಿದ, ಸ್ಟೆಪ್ನಿಯನ್ನು ಹಿಂದೆ ಹಾಕಿದ. ತೊಯ್ದು ತಪ್ಪಡಿಯಾದ ಅವನ ಕೈಗಳು ಒಮ್ಮೆಯೂ ತಡವರಿಸಲಿಲ್ಲ. “ಅಪ್ಪ ಕಲಿಸಿದ್ದ” ಎಂದಷ್ಟೇ ಹೇಳಿದ. ಕಾರು ನಿಧಾನವಾಗಿ ಮನೆ ಸೇರಿತು. ಮರುದಿನ ನೋಡಿದರೆ ಇನ್ನೊಂದು ಚಕ್ರವೂ ಬಾಗಿತ್ತು.

ಚಕ್ರ ಎಂದರೆ ಚಕ್ರ, ದುಂಡಗಿದ್ದರೆ ಸಾಕು ಎಂಬುದು ಅಲ್ಲಿಯವರೆಗಿನ ನನ್ನ ಜ್ಞಾನ. ಬಿ.ಎಸ್ಸಿ. ಓದಿದ ತಪ್ಪಿಗೆ ಆ ವಾರವೆಲ್ಲ ಕೂತು ಕಲಿತೆ. ಓದುಗರಿಗೂ ಎಂದಾದರೂ ಉಪಯೋಗವಾದೀತೆಂದು ಕೆಲವು ಮಾತು ಹೇಳುತ್ತೇನೆ.

ಚಕ್ರಕ್ಕೆ ವ್ಯಾಸವೊಂದೇ ಅಳತೆಯಲ್ಲ. ಬೋಲ್ಟುಗಳು ಕೂಡುವ ರಂಧ್ರಗಳ ನಡುವನ್ನು ಹಾಯ್ದು ಒಂದು ವೃತ್ತ ಎಳೆದರೆ, ಅದರ ವ್ಯಾಸವನ್ನು ಪಿ.ಸಿ.ಡಿ. ಎನ್ನುತ್ತಾರೆ. ಹೋಂಡಾ ಸಿಟಿಯದು ನಾಲ್ಕು ರಂಧ್ರ, 100 ಮಿಲಿಮೀಟರು. ಮಾರುತಿ 800ರದು ನಾಲ್ಕು ರಂಧ್ರ, 114.3. ಫೋರ್ಡ್ ಐಕಾನಿನದು 108. ಪಾಲಿಯೋದ್ದು 98. ಇಟಲಿಯ ಕಾರುಗಳ ಹಳೆಯ ಸಂಪ್ರದಾಯವದು; ಫಿಯಾಟ್, ಹಳೆಯ ಆಲ್ಫಾ ರೋಮಿಯೋ, ಲಾನ್ಸಿಯಾ ಈ ಮನೆತನದವರು ಅದನ್ನು ಪಾಲಿಸಿಕೊಂಡು ಬಂದವರು. ಎರಡನೆಯದು ನಡುವಿನ ದೊಡ್ಡ ರಂಧ್ರ. ಅದು ಹಬ್ಬಿನ ಮೇಲೆ ಸರಿಯಾಗಿ ಕೂತು ಚಕ್ರವನ್ನು ಮಧ್ಯದಲ್ಲಿ ಹಿಡಿಯಬೇಕು. ಪಾಲಿಯೋದ್ದು 58.1, ಹೋಂಡಾದ್ದು 56.1, ಎಂದರೆ ಅದರ ಮೂಲ ಚಕ್ರ ಪಾಲಿಯೋದ ಹಬ್ಬಿಗೆ ಏರುವುದೇ ಇಲ್ಲ. ಮೂರನೆಯದು ಆಫ್‌ಸೆಟ್, ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ತಾಗುವ ಮುಖ ಎಷ್ಟು ದೂರ ಎಂಬ ಲೆಕ್ಕ. ಅದು ತಪ್ಪಿದರೆ ಟೈರು ಒಳಗೆ ಸಸ್ಪೆನ್ಶನ್ನಿಗೆ ಉಜ್ಜೀತು, ಇಲ್ಲವೆ ಹೊರಗೆ ಮಡ್‌ಗಾರ್ಡಿಗೆ ಉಜ್ಜೀತು. ನಾಲ್ಕನೆಯದು ಬೋಲ್ಟಿನ ಮರೆ. ಜಪಾನೀ ಕಾರುಗಳಲ್ಲಿ ಹಬ್ಬಿನಿಂದ ಸ್ಟಡ್ಡುಗಳು ಹೊರಗೆ ಚಾಚಿರುತ್ತವೆ, ಮೇಲೆ ನಟ್ಟು ಬಿಗಿಯಬೇಕು; ಪಾಲಿಯೋದಲ್ಲಿ ಬೋಲ್ಟೇ ಹಬ್ಬಿನೊಳಗೆ ಹೋಗಬೇಕು. ಇಷ್ಟೆಲ್ಲ ಸರಿಹೋದ ಮೇಲೂ ಅಣ್ಣನ ದೊಡ್ಡ ಬ್ರೇಕಿಗೆ ಒಳಗೆ ಜಾಗ ಬೇಕು. ವಧೂವರರ ಜಾತಕದಲ್ಲಿ ಕೂಡ ಇಷ್ಟು ಕೂಟ ನೋಡುವುದಿಲ್ಲ!

ಆ ಕಾರಿನ ತಯಾರಿಕೆ ನಿಂತು ಹತ್ತು ವರ್ಷಗಳ ಮೇಲಾಗಿತ್ತು. ಒಪೆರಾ ಹೌಸ್ ಬಳಿಯ ಬಿಡಿಭಾಗಗಳ ಅಂಗಡಿಗಳಲ್ಲಿ ‘ತೊಂಬತ್ತೆಂಟು’ ಎಂದೊಡನೆ ಅಂಗಡಿಯವರು ಮುಂದಿನ ಗಿರಾಕಿಯ ಕಡೆಗೆ ತಿರುಗುತ್ತಿದ್ದರು. 15 ಇಂಚಿನ ಚಕ್ರವಾದರೂ ಆದೀತೇನೋ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. 185/60ರ 14 ಇಂಚಿನ ಟೈರಿನ ಒಟ್ಟು ವ್ಯಾಸ 577.6 ಮಿಲಿಮೀಟರು, 195/50ರ 15 ಇಂಚಿನದು 576. ವೇಗಮಾಪಕಕ್ಕೂ ಗೊತ್ತಾಗದಷ್ಟು ಅಂತರ. ಲೆಕ್ಕವೇನೋ ಸುಂದರವಾಗಿ ಬಂತು, ಚಕ್ರ ಮಾತ್ರ ಬರಲಿಲ್ಲ.

ಮೂರನೆಯ ರವಿವಾರ ಪುಟ್ಟನೇ ಒಂದು ಅಂಗಡಿ ಹುಡುಕಿದ. ಥಳಥಳಿಸುವ ನಾಲ್ಕು ಹೊಸ ಚಕ್ರಗಳು, ಒಂದೊಂದಕ್ಕೂ ಎಂಟೆಂಟು ರಂಧ್ರ. “ಯಾವ ಕಾರಿಗೂ ಬರುತ್ತದೆ ಸಾಹೇಬ್” ಎಂದು ಅಂಗಡಿಯವನ ಭರವಸೆ. ಬೆಲೆ ಇಪ್ಪತ್ತನಾಲ್ಕು ಸಾವಿರ. ಪುಟ್ಟ ತನ್ನ ಮೊದಲ ಸಂಬಳದಿಂದ ಎರಡು ಸಾವಿರ ಮುಂಗಡ ಕೊಟ್ಟೂ ಬಿಟ್ಟಿದ್ದ. ನಾನು ಚೀಲದಿಂದ ವರ್ನಿಯರ್ ಕ್ಯಾಲಿಪರ್ ತೆಗೆದೆ. ಧಾರವಾಡದ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹಿತ್ತಾಳೆಯ ಗುಂಡಿನ ವ್ಯಾಸ ಅಳೆದ ಮೇಲೆ ಇಪ್ಪತ್ತೈದು ವರ್ಷ ಆ ಉಪಕರಣ ನನ್ನ ಕೈಗೆ ಬಂದಿರಲಿಲ್ಲ. ನಾಲ್ಕು ರಂಧ್ರದ ಚಕ್ರಕ್ಕೆ ಅಳತೆ ಸುಲಭ: ಒಂದು ರಂಧ್ರದ ಒಳಅಂಚಿನಿಂದ ಎದುರಿನ ರಂಧ್ರದ ಹೊರಅಂಚಿನವರೆಗೆ ಅಳೆದರೆ ಅದೇ ಪಿ.ಸಿ.ಡಿ. ನಾಲ್ಕು ರಂಧ್ರ 100, ಇನ್ನು ನಾಲ್ಕು 114.3. ತೊಂಬತ್ತೆಂಟು ಇಲ್ಲವೇ ಇಲ್ಲ.

ಅಂಗಡಿಯವನು ನಕ್ಕ. ಒಂದು ಚಕ್ರ ತಂದು ಹಬ್ಬಿಗೆ ಹಿಡಿದು, ಬೋಲ್ಟುಗಳನ್ನು ಸ್ವಲ್ಪ ಓರೆಯಾಗಿ ತುರುಕಿ, ಪಾನಾದಿಂದ ಬಿಗಿದು ತೋರಿಸಿದ. ಹೋದವು! ನೋಡುವವರ ಕಣ್ಣಿಗೆ ಎಲ್ಲ ಸರಿಯಾಗಿತ್ತು.

“ನೋಡ್ರಿ ಕಾಕಾ, ಬರ್ತಾವ. ಎರಡ ಮಿಲಿಮೀಟರ್ ಫರಕ. ಅದರಾಗ ಏನ ಆಗ್ತದ?”

ಏನಾಗುತ್ತದೆಂದು ಹೇಳಿದೆ. ವೃತ್ತದ ವ್ಯಾಸದಲ್ಲಿ ಎರಡು ಎಂದರೆ ಪ್ರತಿ ಬೋಲ್ಟಿಗೂ ಒಂದು ಮಿಲಿಮೀಟರು ಓರೆ. ಬೋಲ್ಟಿನ ತಲೆಯ ಕೆಳಗಿನ ಇಳಿಜಾರು ಚಕ್ರದ ಗುಳಿಯಲ್ಲಿ ಸುತ್ತಲೂ ಒಂದೇ ಸಮ ಕೂಡಬೇಕು. ಓರೆಯಾದರೆ ಒಂದೇ ಬದಿಗೆ ತಾಗುತ್ತದೆ. ಪಾನಾಕ್ಕೆ ಬಿಗಿಯೆನಿಸಿದರೂ ಅದು ಬಿಗಿಯಲ್ಲ. ಓಡುವಾಗ ನಡುಗಿ ನಡುಗಿ ಸಡಿಲಾಗುತ್ತದೆ, ಇಲ್ಲವೆ ಬಾಗಿ ಬಾಗಿ ಒಂದು ದಿನ ಕಡಿಯುತ್ತದೆ. ಈ ಎರಡು ಮಿಲಿಮೀಟರಿಗಾಗಿಯೇ, ತಲೆಯ ಕೆಳಗಿನ ಬಳೆ ಸರಿದಾಡುವಂಥ ವಿಶೇಷ ಬೋಲ್ಟುಗಳನ್ನು ಹೊರದೇಶಗಳಲ್ಲಿ ಮಾಡುತ್ತಾರೆ. ಇವನ ಬಳಿ ಅವು ಇರಲಿಲ್ಲ. ಸಾದಾ ಬೋಲ್ಟನ್ನೇ ಜುಲುಮೆಯಿಂದ ಬಿಗಿದಿದ್ದ. ಬೇಡವೆಂದರೆ ರಂಧ್ರಗಳನ್ನೇ ಕೊರೆದು ಅಗಲ ಮಾಡಿಕೊಡುತ್ತೇನೆಂದ. ಅದೂ ಬೇಡವೆಂದರೆ ಸೀಳಿದ ಹಳೆಯ ಚಕ್ರಕ್ಕೇ ವೆಲ್ಡಿಂಗ್ ಮಾಡುತ್ತೇನೆಂದ. ನಾನು ಎಲ್ಲದಕ್ಕೂ ಇಲ್ಲವೆಂದೆ. ಮುಂಗಡ ವಾಪಸು ಬರಲಿಲ್ಲ.

ದಾರಿಯಲ್ಲಿ ಪುಟ್ಟ ಮಾತಾಡಲಿಲ್ಲ. ಮನೆಯ ಮೆಟ್ಟಿಲ ಮೇಲೆ ನಿಂತು ಒಮ್ಮೆಲೆ ಅಂದ: “ನಿಮಗ ಈ ಗಾಡಿ ಮೊದಲಿಂದಾನೂ ಸೇರತಿರಲಿಲ್ಲ, ಕಾಕಾ. ಅಪ್ಪ ಇದ್ದಾಗೂ ಹಿಂಗ ಒಂದೊಂದ ಅಡ್ಡಗಾಲ ಹಾಕತಿದ್ರಿ. ಮಾರಸೂ ತನಕಾ ನಿಮಗ ಸಮಾಧಾನ ಇಲ್ಲ.”

ಕಚೇರಿಯಲ್ಲಿ ಆಕ್ಷೇಪಣೆ ಬರೆದು ಫೈಲು ತಿರುಗಿ ಕಳಿಸುವುದು ನನ್ನ ದಿನದ ಉದ್ಯೋಗ. ಇಪ್ಪತ್ತು ವರ್ಷದಲ್ಲಿ ಯಾರ ಬೈಗುಳವೂ ನನಗೆ ಹೀಗೆ ನಾಟಿರಲಿಲ್ಲ. ಏಕೆಂದರೆ ಅವನು ಅಂದದ್ದರಲ್ಲಿ ಅರ್ಧ ನಿಜವಿತ್ತು.

ಮುಂದಿನ ಶನಿವಾರ ವೈನಿ ಕರೆಕಳಿಸಿದರು. ಅಣ್ಣನ ಟ್ರಂಕಿನಿಂದ ಒಂದು ನೋಟುಬುಕ್ಕು ತೆಗೆದಿಟ್ಟಿದ್ದರು. ಗ್ರೀಸಿನ ಹೆಬ್ಬೆರಳುಗಳು ಪುಟಪುಟಕ್ಕೂ ಮೂಡಿದ್ದವು. ಕಾರಿಗೆ ಮಾಡಿದ ಒಂದೊಂದು ಕೆಲಸವನ್ನೂ ತಾರೀಖಿನೊಡನೆ ಕನ್ನಡದಲ್ಲಿ ಬರೆದಿದ್ದ. ಚಕ್ರದ ಪುಟ ಹೀಗಿತ್ತು: “4×98. ನಡುವಿಂದು 58.1. ಇಟಿ 35. ಬೋಲ್ಟು 12×1.25, ಉದ್ದಂದು. ನೂರರದ್ದು ಬರ್ತದ ಅಂತ ಯಾರರೆ ಅಂದರ ನಂಬಬ್ಯಾಡ.”

ಪುಟ್ಟ ಆ ಸಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಏನೂ ಅನ್ನದೆ ನನಗೊಂದು ಲೋಟ ನೀರು ತಂದುಕೊಟ್ಟ. ನಮ್ಮ ಮನೆಗಳಲ್ಲಿ ಕ್ಷಮೆ ಕೇಳುವ ಕ್ರಮ ಇದೇ.

ನಾನು ಗೆದ್ದೆನೆಂದು ಹಿಗ್ಗಬಹುದಿತ್ತು. ಆದರೆ ಪುಟ ತಿರುವಿದೆ. ಅದರ ಹಿಂಬದಿಗೆ ಬ್ರೇಕಿನ ಲೆಕ್ಕ. ಒಟ್ಟು ಹದಿನೆಂಟು ಸಾವಿರ. ಅದರ ಕೆಳಗೆ: “ತಮ್ಮನ ಕಡೆ ಕೇಳಿದೆ. ಇಲ್ಲ ಅಂದ. ಅವಂದೂ ಖರೇನ, ಮಗಳ ಫೀ ತುಂಬೂದದ. ಓವರ್‌ಟೈಮ್ ಮಾಡಿದರ ಮೂರು ತಿಂಗಳದಾಗ ಆಗ್ತದ.”

ನನಗೆ ಆ ದಿನ ನೆನಪಿತ್ತು. ಅಣ್ಣ ಬಾಯಿಬಿಟ್ಟು ನನ್ನಲ್ಲಿ ಹಣ ಕೇಳಿದ್ದು ಅದೊಂದೇ ಸಲ. ಮಗಳ ಫೀ ತುಂಬಬೇಕು ಎಂದು ನಾನು ಹೇಳಿದ್ದೂ ಹೌದು. ಆದರೆ ಆ ಫೀ ಹಿಂದಿನ ವಾರವೇ ತುಂಬಿಯಾಗಿತ್ತು. ಹುಚ್ಚಿಗೆ ಹಣ ಕೊಡಬಾರದೆಂದು ಸುಳ್ಳು ಹೇಳಿದ್ದೆ. ಅವನು ಅದನ್ನು ನಂಬಿ, ನನ್ನ ಪರವಾಗಿ ತನ್ನ ಪುಸ್ತಕದಲ್ಲಿ ಸಾಕ್ಷಿ ಬರೆದಿಟ್ಟಿದ್ದ. ವರ್ನಿಯರಿನಿಂದ ಅಳೆಯುವ ಮೊದಲು ಅದರ ಶೂನ್ಯದೋಷ ನೋಡಬೇಕೆಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಎರಡೂ ದವಡೆ ಕೂಡಿದಾಗ ಉಪಕರಣವೇ ಸೊನ್ನೆ ತೋರದಿದ್ದರೆ ಮುಂದಿನ ಅಳತೆಯೆಲ್ಲ ತಪ್ಪು. ಅಣ್ಣನನ್ನು ಅಳೆಯುವಾಗ ನಾನು ಆ ನಿಯಮ ಪಾಲಿಸಿರಲಿಲ್ಲ.

ಆ ಮೇಲಿನ ರವಿವಾರಗಳಲ್ಲಿ ಪುಟ್ಟ ಮತ್ತು ನಾನು ಕೂಡಿಯೇ ತಿರುಗಿದೆವು. ಅವನ ಕೈಯಲ್ಲಿ ನೋಟುಬುಕ್ಕು, ನನ್ನ ಕೈಯಲ್ಲಿ ವರ್ನಿಯರ್. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ‘ಮಾಪ್‌ವಾಲೇ ಅಂಕಲ್’ ಎಂಬ ಬಿರುದು ನನಗೆ ಬಂತು. ಅಲ್ಲಿಯ ಜನ ನಗುತ್ತಲೇ ಚಕ್ರಗಳನ್ನು ಉರುಳಿಸಿ ತಂದುಕೊಡುತ್ತಿದ್ದರು. ನಾವು ಅಳೆದು ತಿರುಗಿ ಕೊಡುತ್ತಿದ್ದೆವು. 100, 100, 108, 114.3, ಮತ್ತೆ 100.

ಗಣೇಶ ಚತುರ್ಥಿಗೆ ಎರಡು ವಾರ ಮೊದಲು, ಎಂಟನೆಯ ರವಿವಾರ, ಒಂದು ಅಂಗಳದ ಮೂಲೆಯಲ್ಲಿ ಕಾರೊಂದನ್ನು ಕಡಿಯುತ್ತಿದ್ದರು. ಪಾಲಿಯೋದ ದಾಯಾದಿಯಾದ ಸಿಯೆನಾ. ಬಾಗಿಲು ಹೋಗಿದ್ದವು, ಎಂಜಿನ್ ಹೋಗಿತ್ತು. ಹಿಂದಿನ ಯಜಮಾನ ಹಾಕಿಸಿದ್ದ 14 ಇಂಚಿನ ಮಿಶ್ರಲೋಹದ ಚಕ್ರಗಳು ಮಾತ್ರ ಮಣ್ಣಿನಲ್ಲಿ ಹೂತು ನಿಂತಿದ್ದವು. ಪುಟ್ಟ ಹರಕು ಅರಿವೆಯಿಂದ ಒಂದನ್ನು ಒರೆಸಿದ. ನಾನು ದವಡೆ ಹಚ್ಚಿದೆ. ಅಳತೆ 98ಕ್ಕೆ ನಿಂತಿತು. ನಂಬದೆ ಇನ್ನೊಂದು ಜೋಡಿ ರಂಧ್ರ ಅಳೆದೆ. ಅದೂ 98. ನಡುವಿನ ರಂಧ್ರ 58ರ ಮೇಲೊಂದು ಗೆರೆ. ಒಳಗೆ ಅಚ್ಚೊತ್ತಿದ್ದ ಇಟಿ 35.

“ಬಂತೇನೋ?” ಎಂದೆ, ಗಂಟಲು ಕಟ್ಟಿ.

“ಬಂತ್ರಿ ಕಾಕಾ!” ಎಂದು ಅವನು ಕೂಗಿದ್ದಕ್ಕೆ ಗ್ಯಾಸ್ ಕಟರ್ ಹಿಡಿದಿದ್ದ ಮುದುಕ ಕನ್ನಡಕ ಮೇಲೆತ್ತಿ, “ನೀವು ನಮ್ಮ ಕಡ್ಯಾವ್ರೇನ್ರಿ?” ಎಂದು ಕೇಳಿದ. ವಿಜಾಪುರದ ಕಡೆಯವನು, ನಲವತ್ತು ವರ್ಷದಿಂದ ಕುರ್ಲಾದಲ್ಲಿ. ಅವನೇ ಯಜಮಾನನಿಗೆ ಹೇಳಿ ನಾಲ್ಕಕ್ಕೂ ಕೂಡಿ ಒಂಬತ್ತು ಸಾವಿರಕ್ಕೆ ಕೊಡಿಸಿದ. ಉದ್ದನೆಯ ಬೋಲ್ಟು ಹದಿನಾರನ್ನೂ ಎಣಿಸಿ ಬೇರೆ ಪುಡಿಕೆ ಕಟ್ಟಿದ. “ಚಕ್ರ ಸಿಗತಾವ್ರೀ, ಬೋಲ್ಟ್ ಸಿಗಂಗಿಲ್ಲ” ಎಂದ. ಎಷ್ಟು ನಿಜ!

ಮನೆಯಲ್ಲಿ ಚಕ್ರ ಏರಿಸಿ ಕೈಯಿಂದ ತಿರುಗಿಸಿದೆವು. ಕ್ಯಾಲಿಪರಿಗೂ ಚಕ್ರಕ್ಕೂ ನಡುವೆ ಪೆನ್ಸಿಲ್ ಹಾಯುವಷ್ಟು ಜಾಗ ಉಳಿಯಿತು. ನಾಲ್ಕು ಹೊಸ ಟೈರು ಹಾಕಿಸಿ, ಬ್ಯಾಲೆನ್ಸ್ ಮಾಡಿಸಿದೆವು. ಚಕ್ರದ ಹಣ, ಟೈರಿನ ಹಣ ನಾನೇ ಕೊಟ್ಟೆ. ಪುಟ್ಟ ಬೇಡವೆಂದ. “ಇದು ಹಳೇ ಬಾಕಿ, ನಿನಗ ಸಂಬಂಧ ಇಲ್ಲ” ಎಂದೆ. ವೈನಿಯ ಮುಂದೆ ಕೂತು ಫೀಯಿನ ಸಂಗತಿಯನ್ನೂ ಹೇಳಿಬಿಟ್ಟೆ. ಅವರು ಸುಮ್ಮನೆ ಕೇಳಿ, “ಅವರಿಗೆ ಗೊತ್ತಿತ್ತೇನೋ” ಎಂದರು. ಗೊತ್ತಿತ್ತೋ ಇಲ್ಲವೋ, ಈಗ ಯಾರನ್ನು ಕೇಳುವುದು?

ದಸರೆಗೆ ಧಾರವಾಡಕ್ಕೆ ಅದೇ ಕಾರಿನಲ್ಲಿ ಹೋದೆವು. ಪುಣೆ ದಾಟುವ ಮೊದಲು ಒಂದು ಕಡೆ ನಿಲ್ಲಿಸಿ ಹದಿನಾರೂ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿದೆವು. ಹೊಸದಾಗಿ ಹಾಕಿದ ಚಕ್ರಕ್ಕೆ ಆರಂಭದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹಾಗೆ ನೋಡುವುದು ಒಳ್ಳೆಯದು. ಒಂದೂ ಸಡಿಲಾಗಿರಲಿಲ್ಲ. ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಐದೂವರೆ ನೂರು ಕಿಲೋಮೀಟರು ಕ್ರಮಿಸುವವರೆಗೆ ಸ್ಟಿಯರಿಂಗು ಒಮ್ಮೆಯೂ ನಡುಗಲಿಲ್ಲ. ಕಾತ್ರಜದ ಇಳಿಜಾರಿನಲ್ಲಿ ಎದುರಿನ ಲಾರಿ ಒಮ್ಮೆಲೆ ನಿಂತಾಗ ಅಣ್ಣನ ಬ್ರೇಕುಗಳು ನಮ್ಮನ್ನು ಹಿಡಿದು ನಿಲ್ಲಿಸಿದವು. ಲಾರಿಯ ಹಿಂಭಾಗ ನಮ್ಮ ಮೂಗಿನ ಮುಂದಿತ್ತು. ಆ ಹದಿನೆಂಟು ಸಾವಿರ ಹುಚ್ಚಲ್ಲವೆಂದು ನನಗೆ ತಿಳಿದದ್ದು ಆಗ.

ಆಯುಧಪೂಜೆಯ ದಿನ ನಮ್ಮ ಅವ್ವ, ಎಂಬತ್ತು ದಾಟಿದವಳು, ಕೋಲೂರಿಕೊಂಡು ಅಂಗಳಕ್ಕೆ ಬಂದು ನಾಲ್ಕೂ ಚಕ್ರಗಳಿಗೆ ಅರಿಷಿಣ-ಕುಂಕುಮ ಹಚ್ಚಿದಳು. ಬಾನೆಟ್ಟನ್ನು, ಮಗನ ಬೆನ್ನೇ ಎಂಬಂತೆ, ಎರಡು ಸಲ ಸವರಿದಳು. ಮರುದಿನ ಸಂಜೆ ಪುಟ್ಟ ನನ್ನ ಕೈಯಲ್ಲಿ ಬನ್ನಿ ಕೊಟ್ಟು ಕಾಲಿಗೆರಗಿದ.

ನಾವು ಮುಂಬಯಿಗೆ ಮರಳಿದ ವಾರವೇ, ಅಕ್ಟೋಬರ್ 30ರಂದು, ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೂ ಇಪ್ಪತ್ತು ವರ್ಷದ ಅವಧಿ ಮುಗಿಯಿತೆಂದು ಪೇಪರಿನಲ್ಲಿ ಬಂತು. ಆ ರಾತ್ರಿ ಪುಟ್ಟ ನೋಟುಬುಕ್ಕು ತೆರೆದು ತಂದೆಯ ಬರಹದ ಕೆಳಗೆ ಹೊಸ ಚಕ್ರಗಳ ತಾರೀಖು ಮತ್ತು ಅಳತೆ ಬರೆದ. ಕೊನೆಗೆ “ರೊಕ್ಕ ಕಾಕಾ ಕೊಟ್ಟರು” ಎಂದು ಸೇರಿಸಿದ. ಅದನ್ನು ಹೊಡೆದುಹಾಕೆಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಲೆಕ್ಕ ಬರೆದವನು ಅವನು. ಎಷ್ಟು ಮಿಲಿಮೀಟರು ಇನ್ನೂ ಬಾಕಿ ಇದೆಯೆಂಬುದು ನನಗೆ ಗೊತ್ತು.

ಕಾರ್ಯದರ್ಶಿಗಳು ಈ ಸಮಜಾಯಿಷಿಯನ್ನು ಒಪ್ಪಿ, ಮುಂದಿನ ನಾಟಕದಲ್ಲಿ ನನಗೊಂದು ಸಣ್ಣ ಪಾತ್ರವನ್ನಾದರೂ ಕೊಡಬೇಕೆಂದು ವಿನಂತಿ.